ಕಲಬುರಗಿಯ ಬಿಸಿಲಿಗೊಂದು ಗೇಮಿಂಗ್ ಪಿಸಿ: 90 ಸಾವಿರದಲ್ಲಿ ಪಾರ್ಟ್ಸ್ ಆರಿಸಿದ ಬಗೆ

ಪ್ರಕರಣ ಹೀಗಿದೆ. ಕಲಬುರಗಿಯ ಒಂದು ಮನೆ. ಮಗ ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೀಟಿಗೆ ಕಾಯುತ್ತಿದ್ದ. ಕಂಪ್ಯೂಟರ್ ಸೈನ್ಸ್ ಸಿಗುವುದು ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಅಪ್ಪ ಸರ್ಕಾರಿ ನೌಕರ. ಒಟ್ಟು 90 ಸಾವಿರ ರೂಪಾಯಿ ಕೊಡುತ್ತೇನೆ, ಎಲ್ಲ ಅದರಲ್ಲೇ ಮುಗಿಯಬೇಕು, ಆಮೇಲೆ ಅದು ಬೇಕು ಇದು ಬೇಕು ಅನ್ನಬಾರದು ಎಂದು ಮೊದಲೇ ಹೇಳಿಬಿಟ್ಟಿದ್ದರು. ಇದು 2024ರ ಮೇ ತಿಂಗಳ ಮಾತು. ಪರಿಚಯದವರಿಗೆ ಕಂಪ್ಯೂಟರ್ ಅಸೆಂಬಲ್ ಮಾಡಿಕೊಡುವ ಹವ್ಯಾಸ ನನಗಿದೆ. ಹಾಗಾಗಿ ವಿಷಯ ನನ್ನ ಹತ್ತಿರ ಬಂತು.

ಹುಡುಗ ಪಟ್ಟಿಯನ್ನು ಆಗಲೇ ಮಾಡಿಟ್ಟಿದ್ದ. ಎಎಂಡಿ ಕಂಪನಿಯ ರೈಜನ್ 7 5700ಎಕ್ಸ್ ಪ್ರೊಸೆಸರ್, ಬಿ450 ಮದರ್‌ಬೋರ್ಡ್, ದೀಪ ಮಿನುಗುವ 32 ಜಿಬಿ ರ‍್ಯಾಮ್, ಎಎಂಡಿಯದೇ ಆರ್‌ಎಕ್ಸ್ 6750 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್, 240 ಎಂಎಂ ಲಿಕ್ವಿಡ್ ಕೂಲರ್, ಮುಂಭಾಗಕ್ಕೆ ಗಾಜು ಹಾಕಿದ ಕ್ಯಾಬಿನೆಟ್, ಫೈಲು-ಆಟಗಳನ್ನಿಡಲು 500 ಜಿಬಿ ಎಸ್‌ಎಸ್‌ಡಿ. ಕೊನೆಯ ಸಾಲಿನಲ್ಲಿ, ಉಳಿದ ಹಣಕ್ಕೆ ಸಿಗುವಂಥ ಎರಡು ಸಾವಿರ ರೂಪಾಯಿಯ ಒಂದು 500 ವ್ಯಾಟ್ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಒದಗಿಸುವ ಡಬ್ಬ. ಒಟ್ಟು 83 ಸಾವಿರ ಚಿಲ್ಲರೆ. ಯುಪಿಎಸ್ ಇರಲಿಲ್ಲ. ಮಾನಿಟರ್ ಜಾಗದಲ್ಲಿ ಹಾಲ್‌ನಲ್ಲಿದ್ದ ಹಳೆಯ 32 ಇಂಚಿನ ಟಿವಿ.

"ಕಾಕಾ, ಇದ್ರಾಗ ಏನ್ ಕಮ್ಮಿ ಅದ ಹೇಳ್ರಿ," ಅಂದ.

ಬಿಡಿಬಿಡಿಯಾಗಿ ನೋಡಿದರೆ ಎಸ್‌ಎಂಪಿಎಸ್ ಒಂದನ್ನು ಬಿಟ್ಟು ಯಾವುದೂ ಕೆಟ್ಟ ಸಾಮಾನಲ್ಲ. ಎಸಿ ಕೋಣೆಯಲ್ಲಿ, ಕರೆಂಟ್ ಹೋಗದ ಊರಿನಲ್ಲಿ, ಒಳ್ಳೆಯ ಮಾನಿಟರ್ ಈಗಾಗಲೇ ಇರುವವರಿಗೆ ಇದು ನಡೆಯಬಹುದು. ಆದರೆ ಈ ಮನೆಯ ಸ್ಥಿತಿ ಬೇರೆ. ಅದನ್ನು ನೋಡದೆ ಒಂದೊಂದೇ ಪಾರ್ಟ್‌ಗೆ ಮಾರ್ಕ್ಸ್ ಹಾಕುತ್ತ ಕೂತರೆ ಪ್ರಯೋಜನ ಇರಲಿಲ್ಲ. ಅದಕ್ಕೇ ಅಂಗಡಿಗೆ ಹೋಗುವ ಮೊದಲು ಅವರ ಮನೆಗೆ ಹೋದೆ.

ಕೋಣೆ, ಕರೆಂಟ್, ಬಿಲ್ಲು

ಹುಡುಗನ ಕೋಣೆ ಮೇಲಿನ ಮಹಡಿಯಲ್ಲಿದೆ. ತಲೆಯ ಮೇಲೆ ನೇರ ಆರ್‌ಸಿಸಿ. ಏಪ್ರಿಲ್-ಮೇನಲ್ಲಿ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹತ್ತರವರೆಗೂ ಬಿಸಿಯನ್ನು ಒಳಗೆ ಬಿಡುತ್ತಲೇ ಇರುತ್ತದೆ. ನಾವು ನೋಡಿದ ಸಂಜೆ ಕೋಣೆ 39 ಡಿಗ್ರಿ ಇತ್ತು. ಎಸಿ ಇಲ್ಲ. ಕಿಟಕಿಗೆ ಹೊಂದಿಸಿದ ದೊಡ್ಡ ಏರ್ ಕೂಲರ್ ಇದೆ.

ಬಿಸಿಯ ಲೆಕ್ಕ ಸರಳ. ಯಾವ ಫ್ಯಾನ್ ಹಾಕಿ, ಯಾವ ಲಿಕ್ವಿಡ್ ಕೂಲರ್ ಹಾಕಿ, ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಆಗುವುದಿಲ್ಲ. ಕೋಣೆ ಒಂದು ಡಿಗ್ರಿ ಏರಿದರೆ ಒಳಗಿನ ಭಾಗಗಳೂ ಸುಮಾರು ಒಂದು ಡಿಗ್ರಿ ಏರುತ್ತವೆ. ಬೆಂಗಳೂರಿನ 26 ಡಿಗ್ರಿ ಕೋಣೆಯಲ್ಲಿ 72ರಲ್ಲಿ ಆರಾಮಾಗಿ ಓಡುವ ಕಾರ್ಡು ಇಲ್ಲಿ 85ರ ಆಸುಪಾಸಿಗೆ ಬರುತ್ತದೆ. ಇನ್ನೊಂದು ಮಾತೂ ಇದೆ. ಕಂಪ್ಯೂಟರ್ ಎಳೆದುಕೊಂಡ ಪ್ರತಿ ವ್ಯಾಟೂ ಕೊನೆಗೆ ಆ ಕೋಣೆಯಲ್ಲೇ ಬಿಸಿಯಾಗಿ ಉಳಿಯುತ್ತದೆ. ಆಡುವವನೂ ಅಲ್ಲೇ ಕೂತಿರಬೇಕಲ್ಲ.

ಆಮೇಲೆ ಕರೆಂಟ್. ಬೇಸಿಗೆಯಲ್ಲಿ ದಿನಕ್ಕೆ ಒಂದೆರಡು ಸಲ ಹೋಗುತ್ತದೆ, ಗಾಳಿ-ಮಳೆ ಬಂದರೆ ಕೇಳುವುದೇ ಬೇಡ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದರ ಲೈನು ಮೇಲಿನ ಕೋಣೆಯ ಸಾಕೆಟ್ಟಿಗೆ ಇಲ್ಲ. ಅಂದರೆ ಯುಪಿಎಸ್ ಬೇಕೇ ಬೇಕು. ಯುಪಿಎಸ್ ತಡೆಯುವಷ್ಟೇ ವ್ಯಾಟ್ ಕಂಪ್ಯೂಟರ್ ಎಳೆಯಬೇಕು.

ಮೂರನೆಯದನ್ನು ಅಪ್ಪ ಕೇಳಿದರು: "ಬಿಲ್ ಎಷ್ಟ್ ಬರ್ತದ?" ಗೃಹಜ್ಯೋತಿ ಯೋಜನೆ ಗೊತ್ತಿದ್ದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಅಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೆ ಮೀರಿದ್ದಕ್ಕೆ ಹಣ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಏರ್ ಕೂಲರ್ ಓಡಿ ಈ ಮನೆಯ ಬಳಕೆ 145 ಯೂನಿಟ್ ಹತ್ತಿರ ಹೋಗುತ್ತಿತ್ತು.

ಹುಡುಗನ ಪಟ್ಟಿಯಲ್ಲಿದ್ದ ಆರ್‌ಎಕ್ಸ್ 6750 ಎಕ್ಸ್‌ಟಿ ಕಾರ್ಡೊಂದೇ 250 ವ್ಯಾಟ್. 65 ವ್ಯಾಟ್ ಎಂದು ಬರೆದಿರುವ ರೈಜನ್ ಪ್ರೊಸೆಸರ್ ಪೂರ್ತಿ ದುಡಿದಾಗ 76ರವರೆಗೆ ಎಳೆಯುತ್ತದೆ. ಬೋರ್ಡ್, ರ‍್ಯಾಮ್, ಫ್ಯಾನ್ ಎಲ್ಲ ಸೇರಿ ಇನ್ನೊಂದು 45. ಎಸ್‌ಎಂಪಿಎಸ್ ತಾನೂ ಒಂದಿಷ್ಟು ತಿನ್ನುತ್ತದೆ. ಸ್ಕ್ರೀನೂ ಸೇರಿ ಗೋಡೆಯ ಸಾಕೆಟ್ಟಿನಿಂದ 450 ವ್ಯಾಟ್ ದಾಟುತ್ತದೆ. ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ ಸುಮಾರು 55 ಯೂನಿಟ್. 145ಕ್ಕೆ 55 ಕೂಡಿಸಿ ನೋಡಿ, ಸರಿಯಾಗಿ ಗಡಿಯ ಮೇಲೆ ಬಂದು ನಿಲ್ಲುತ್ತದೆ! ರಜೆಯಲ್ಲಿ ಹುಡುಗರು ನಾಲ್ಕೇ ಗಂಟೆ ಆಡುತ್ತಾರೆ ಎಂದು ನಂಬುವವರು ಬೇರೆ ಮನೆಯವರಿರಬೇಕು.

ಗ್ರಾಫಿಕ್ಸ್ ಕಾರ್ಡಿನ ಜಗ್ಗಾಟ

ಜಾಸ್ತಿ ಚರ್ಚೆ ಆಗಿದ್ದು ಇಲ್ಲಿಯೇ. ನನ್ನ ಸಲಹೆ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060. ಹುಡುಗನಿಗೆ ಅದು ಸುತರಾಂ ಇಷ್ಟ ಇರಲಿಲ್ಲ. ಅವನ ವಾದದಲ್ಲಿ ಹುರುಳಿತ್ತು, ಅದನ್ನು ಮುಚ್ಚಿಡಬಾರದು. 6750 ಎಕ್ಸ್‌ಟಿಯಲ್ಲಿ 12 ಜಿಬಿ ಮೆಮೊರಿ ಇದೆ, 4060ಯಲ್ಲಿ ಎಂಟೇ. ವೇಗದಲ್ಲೂ 6750 ನೂರಕ್ಕೆ 15ರಷ್ಟು ಮುಂದೆ. ಹೊಸ ಆಟಗಳು 1080ಪಿ ರೆಸಲ್ಯೂಶನ್‌ನಲ್ಲೇ ಅಲ್ಟ್ರಾ (ಎಲ್ಲಕ್ಕಿಂತ ಮೇಲಿನ) ಸೆಟ್ಟಿಂಗ್ ಇಟ್ಟರೆ ಎಂಟು ಜಿಬಿಯನ್ನು ತುಂಬಿಬಿಡುತ್ತವೆ. ತುಂಬಿದ ಮೇಲೆ ಆಟ ತಡವರಿಸುತ್ತದೆ, ಕೆಲವು ಆಟಗಳಲ್ಲಿ ಗೋಡೆ-ನೆಲದ ಚಿತ್ರಗಳು ಮಸುಕಾಗಿ ಬರುತ್ತವೆ. 2023ರ ಜೂನ್‌ನಲ್ಲಿ 4060 ಮಾರುಕಟ್ಟೆಗೆ ಬಂದಾಗ ವಿಮರ್ಶಕರು ಬೈದಿದ್ದೂ ಮುಖ್ಯವಾಗಿ ಇದಕ್ಕೇ. ಹಿಂದಿನ ತಲೆಮಾರಿನ 3060ರಲ್ಲಿ 12 ಜಿಬಿ ಕೊಟ್ಟು ಹೊಸದರಲ್ಲಿ ಎಂಟಕ್ಕೆ ಇಳಿಸಿದ್ದು ನನಗೂ ಸರಿ ಕಾಣುವುದಿಲ್ಲ.

ಆದರೆ 4060 ಎಳೆಯುವುದು 115 ವ್ಯಾಟ್. 6750ರ ಅರ್ಧಕ್ಕೂ ಕಮ್ಮಿ. ಈ ಒಂದು ಅಂಕಿಯಿಂದ ಉಳಿದದ್ದೆಲ್ಲ ಬದಲಾಗುತ್ತದೆ. ಗೋಡೆಯಿಂದ ಎಳೆಯುವುದು ಮಾನಿಟರ್ ಸೇರಿ 300 ವ್ಯಾಟ್ ಒಳಗೆ ನಿಲ್ಲುತ್ತದೆ. ತಿಂಗಳಿಗೆ 36 ಯೂನಿಟ್. 6750 ಹಾಕಿದರೆ ಕೋಣೆಯಲ್ಲಿ ಇನ್ನೂ ಒಂದೂವರೆ ಜನ ಬಂದು ಕೂತಷ್ಟು ಬಿಸಿ ಜಾಸ್ತಿ. ಮನುಷ್ಯನ ಮೈಯಿಂದ ಹೊರಡುವ ಬಿಸಿ ಸುಮಾರು 100 ವ್ಯಾಟ್ ಎಂದು ಲೆಕ್ಕ ಹಾಕಿ ಹೇಳುತ್ತಿದ್ದೇನೆ. 6750ಗೆ ತಯಾರಕರು ಹೇಳುವುದು 650 ವ್ಯಾಟ್ ಎಸ್‌ಎಂಪಿಎಸ್. 4060ಗೆ 550 ಸಾಕು. ಯುಪಿಎಸ್ಸೂ ಚಿಕ್ಕದರಲ್ಲೇ ಮುಗಿಯುತ್ತದೆ. ಕಾರ್ಡಿನ ಬೆಲೆಯಲ್ಲೂ ಐದಾರು ಸಾವಿರದ ವ್ಯತ್ಯಾಸ ಇತ್ತು. ಇದನ್ನೆಲ್ಲ ಕೂಡಿಸಿದರೆ ಒಂದು ಒಳ್ಳೆಯ ಮಾನಿಟರಿನ ದುಡ್ಡೇ ಉಳಿಯುತ್ತದೆ.

ಇನ್ನೊಂದು ಕಾರಣ ಕಾಲೇಜು. ಕಂಪ್ಯೂಟರ್ ಸೈನ್ಸ್ ಓದುವವನು ಮೂರನೇ ವರ್ಷದ ಹೊತ್ತಿಗೆ ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುತ್ತಾನೆ. ಅಲ್ಲಿನ ಬಹುಪಾಲು ಸಾಫ್ಟ್‌ವೇರ್ ಎನ್ವಿಡಿಯಾ ಕಾರ್ಡುಗಳಿಗಷ್ಟೇ ಇರುವ ಕುಡಾ ಎಂಬ ಸಾಫ್ಟ್‌ವೇರ್ ಮೇಲೆ ಸಲೀಸಾಗಿ ಓಡುತ್ತದೆ. ಆಗ ಎಎಂಡಿ ಕಾರ್ಡಿನಲ್ಲಿ ವಿಂಡೋಸ್ ಇಟ್ಟುಕೊಂಡು ಅದೇ ಕೆಲಸ ಮಾಡಲು ಹೋದರೆ ಒಂದು ವಾರ ಬರೀ ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆಯುತ್ತಿತ್ತು. ಬರೀ ಆಟಕ್ಕಾಗಿ, ತಂಪು ಊರಿನಲ್ಲಿ ಕೊಳ್ಳುವವರಿಗೆ ನಾನು ಈಗಲೂ 12 ಜಿಬಿ ಕಾರ್ಡನ್ನೇ ಹೇಳುತ್ತೇನೆ. ಮೈಸೂರಿನವರು ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ.

ಹುಡುಗ ಆಡುವ ಆಟಗಳನ್ನೂ ಕೇಳಿದೆ. ದಿನಾ ವ್ಯಾಲೊರಂಟ್ ಮತ್ತು ಕೌಂಟರ್-ಸ್ಟ್ರೈಕ್ 2. ಆಗಾಗ ಜಿಟಿಎ 5. ಒಂದು ಸಲ ಪೂರ್ತಿ ಆಡಿ ಮುಗಿಸಬೇಕೆಂದು ಆಸೆ ಇದ್ದದ್ದು ಸೈಬರ್‌ಪಂಕ್ 2077. ಮೊದಲ ಎರಡು ಆಟಗಳಿಗೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಭಾರ ಕಮ್ಮಿ, ಪ್ರೊಸೆಸರ್ ಮತ್ತು ಮಾನಿಟರ್ ಮೇಲೆ ಜಾಸ್ತಿ. 60 ಹರ್ಟ್ಸ್ ಟಿವಿಯಲ್ಲಿ ಅವನ್ನು ಆಡುವುದಾದರೆ ಅಷ್ಟು ದೊಡ್ಡ ಕಾರ್ಡು ಯಾಕೆ? ಕಾರ್ಡು ಸೆಕೆಂಡಿಗೆ 300 ಚಿತ್ರ ಬಿಡಿಸಿದರೂ ಟಿವಿ ತೋರಿಸುವುದು ಅರವತ್ತೇ. ಈ ಮಾತಿಗೆ ಮಾತ್ರ ಅವನು ತಟ್ಟನೆ ಒಪ್ಪಿದ.

24 ಇಂಚಿನ, 165 ಹರ್ಟ್ಸ್‌ನ, ಐಪಿಎಸ್ ಬಗೆಯ ಪರದೆಯ ಮಾನಿಟರ್ ಪಟ್ಟಿಗೆ ಸೇರಿತು. 1440ಪಿ ಬೇಡ ಎಂದೆವು. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ. ಎಂಟು ಜಿಬಿ ಕಾರ್ಡಿಗೆ ಅಷ್ಟು ಹೊರಿಸಿ ಆಮೇಲೆ ಕಾರ್ಡನ್ನು ಬೈಯುವುದರಲ್ಲಿ ಅರ್ಥ ಇಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಮಾತೂ ಬಂದು ಹೋಯಿತು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಮ್ ಎಂಬ ಕ್ರಿಪ್ಟೊಕರೆನ್ಸಿ ತನ್ನ ವಿಧಾನ ಬದಲಿಸಿದ ಮೇಲೆ, ಅದನ್ನು ಗಳಿಸುವ ಮೈನಿಂಗ್ ಲೆಕ್ಕಾಚಾರಕ್ಕೆ ಹಗಲು-ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದಿದ್ದವು. ಅದರಲ್ಲಿ ಚೆನ್ನಾಗಿರುವವೂ ಇವೆ. ಆದರೆ ವಾರಂಟಿ ಮುಗಿದ ಕಾರ್ಡನ್ನು ಈ ಬಿಸಿಲಿಗೆ ತಂದು ಹಾಕುವ ಧೈರ್ಯ ಅಪ್ಪನಿಗೆ ಇರಲಿಲ್ಲ. ನನಗೂ ಇರಲಿಲ್ಲ.

ಪ್ರೊಸೆಸರ್, ಬೋರ್ಡ್

ಎಂಟು ಕೋರಿನ 5700ಎಕ್ಸ್ ಬದಲು ಆರು ಕೋರಿನ ರೈಜನ್ 5 5600. ಈ ಕಾರ್ಡಿನ ಜೊತೆ ಆಟಗಳಲ್ಲಿ ಎರಡಕ್ಕೂ ವ್ಯತ್ಯಾಸ ಹುಡುಕಬೇಕು. ನಾಲ್ಕೈದು ಸಾವಿರ ಉಳಿಯಿತು. ಇಂಟೆಲ್ಲಿನ ಐ5 12400ಎಫ್ ಕೂಡ ಇಷ್ಟೇ ಒಳ್ಳೆಯದು. ಆ ವಾರ ಬೋರ್ಡ್ ಸೇರಿ ಯಾವುದು ಅಗ್ಗವೋ ಅದು ಎಂದು ಬಿಟ್ಟಿದ್ದೆವು. ಎಎಂಡಿಯ 5600 ಅಗ್ಗ ಬಿತ್ತು.

ಯೋಚಿಸಬೇಕಾಗಿದ್ದು ಎಎಂ5 ಬಗ್ಗೆ. 5600 ಬೋರ್ಡಿನ ಮೇಲೆ ಕೂರುವ ಎಎಂ4 ಹಳೆಯ ಸಾಕೆಟ್, ಮೊದಲ ರೈಜನ್‌ಗಳು ಬಂದ ಕಾಲದಿಂದ ಇದೆ. ಹೊಸ ತಲೆಮಾರಿನ ಪ್ರೊಸೆಸರ್‌ಗಳೆಲ್ಲ ಎಎಂ5ಗೆ. ರೈಜನ್ 5 7600, ಬಿ650 ಬೋರ್ಡ್, ಡಿಡಿಆರ್5 ರ‍್ಯಾಮ್ ತಗೊಂಡರೆ ನಾಲ್ಕು ವರ್ಷ ಬಿಟ್ಟು ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ಆದರೆ ಮೂರೂ ಸೇರಿ ಹದಿಮೂರು ಸಾವಿರ ಜಾಸ್ತಿ ಆಗುತ್ತಿತ್ತು. ಆ ಹಣ ಬರಬೇಕಾದದ್ದು ಮಾನಿಟರಿನಿಂದ ಇಲ್ಲವೇ ಯುಪಿಎಸ್‌ನಿಂದ. ನಾಲ್ಕು ವರ್ಷದ ಆಮೇಲಿನ ಅನುಕೂಲಕ್ಕೆ ಇವತ್ತಿನ ಮಾನಿಟರ್ ಬಿಡುವುದು ಬೇಡ ಎಂದು ಅಪ್ಪನೇ ತೀರ್ಮಾನಿಸಿದರು. ಒಂದು ಲಕ್ಷದ ಮೇಲಿನ ಬಜೆಟ್ಟಾಗಿದ್ದರೆ ನಾನು ಎಎಂ5 ಬಿಡುತ್ತಿರಲಿಲ್ಲ.

ಬೋರ್ಡನ್ನು ಬಿ450ಯಿಂದ ಬಿ550ಗೆ ಏರಿಸಿದೆವು. ಪಟ್ಟಿಯಲ್ಲಿ ನಾವು ಬೆಲೆ ಏರಿಸಿದ ಕೆಲವೇ ಸಾಲುಗಳಲ್ಲಿ ಇದು ಒಂದು. ಯಾಕೆಂದರೆ ಆರ್‌ಟಿಎಕ್ಸ್ 4060 ಕಾರ್ಡಿನ ಸ್ಲಾಟ್ ಉದ್ದವಾಗಿದ್ದರೂ ಅದು ಬಳಸುವುದು ಎಂಟು ಲೇನ್, ಅಂದರೆ ಮಾಹಿತಿ ಓಡಾಡುವ ಎಂಟು ದಾರಿ ಮಾತ್ರ. ಕಾರ್ಡು-ಬೋರ್ಡಿನ ನಡುವಿನ ಈ ಸಂಪರ್ಕ ಪಿಸಿಐಇ 4.0 ಆಗಿದ್ದರೆ ಎಂಟು ಲೇನಿನಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ ಹರಿಯುತ್ತದೆ. ಬಿ450 ಕೊಡುವುದು 3.0, ಅದರಲ್ಲಿ ಎಂಟೇ ಜಿಬಿ. ಕಾರ್ಡಿನ ಮೆಮೊರಿಯಲ್ಲಿ ಜಾಗ ಇರುವವರೆಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಮೆಮೊರಿ ತುಂಬಿ, ಉಳಿದ ಮಾಹಿತಿ ರ‍್ಯಾಮ್‌ನಿಂದ ಈ ದಾರಿಯಲ್ಲಿ ಓಡಾಡಲು ಶುರುವಾದಾಗ ಗೊತ್ತಾಗುತ್ತದೆ. ಎಂಟು ಜಿಬಿ ಕಾರ್ಡಿಗೆ ಒಪ್ಪಿಕೊಂಡ ಮೇಲೆ ದಾರಿಯನ್ನಾದರೂ ಅಗಲ ಇಟ್ಟುಕೊಳ್ಳಬೇಕು, ಅಲ್ವಾ?

ಹಣ ಉಳಿಸಬಾರದ ಜಾಗ

ಎಸ್‌ಎಂಪಿಎಸ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಎಲ್ಲರೂ ಹಣ ಉಳಿಸುವುದು ಇಲ್ಲಿಯೇ. ಎರಡು ಸಾವಿರದೊಳಗಿನ ಡಬ್ಬದ ಮೇಲೆ 500 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಪಕ್ಕದಲ್ಲಿ ಅಂಟಿಸಿದ ಸ್ಟಿಕ್ಕರ್ ಓದಬೇಕು. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಬೇಕಾಗುವುದು 12 ವೋಲ್ಟ್ ಲೈನು. ಅಲ್ಲಿ 18 ಆಂಪಿಯರ್ ಎಂದಿದ್ದರೆ 12 ಗುಣಿಸು 18, ಅಂದರೆ 216 ವ್ಯಾಟ್. ಉಳಿದದ್ದು ಯಾರಿಗೂ ಬೇಡದ ಲೈನುಗಳಲ್ಲಿ ಹಂಚಿಹೋಗಿರುತ್ತದೆ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಲೈನಿಗೇ 45 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 540.

80 ಪ್ಲಸ್ ಬ್ರಾಂಜ್ ಎಂಬ ಮುದ್ರೆ ನೋಡಿ ತಗೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಸರಿಯೇ. ಅರ್ಧ ಭಾರದಲ್ಲಿ ನೂರಕ್ಕೆ ಸುಮಾರು 85 ಪಾಲು ಕರೆಂಟ್ ಉಪಯೋಗಕ್ಕೆ ಬರುತ್ತದೆ ಎಂದರ್ಥ. ಆದರೆ ಆ ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನಲ್ಲಿ. ನಮ್ಮ ಕೋಣೆ 39. ಅದಕ್ಕೆ ಇನ್ನೊಂದು ಸಾಲು ಹುಡುಕಿದೆವು: ಎಷ್ಟು ಡಿಗ್ರಿಯಲ್ಲಿ ಪೂರ್ತಿ ವ್ಯಾಟ್ ಸತತವಾಗಿ ಕೊಡುತ್ತದೆ ಎಂಬುದು. ತಯಾರಕರ ಮಾಹಿತಿ ಪುಟದಲ್ಲಿ 40 ಡಿಗ್ರಿ ಅಂತಲೋ 50 ಅಂತಲೋ ಬರೆದಿರುತ್ತಾರೆ. 25 ಅಂತ ಇದ್ದರೆ, ಇಲ್ಲವೇ ಏನೂ ಬರೆದಿಲ್ಲದಿದ್ದರೆ, ಕಲಬುರಗಿಯವರು ಮುಂದಿನದನ್ನು ನೋಡಬೇಕು. 40 ಡಿಗ್ರಿ ಎಂದು ಬರೆದಿದ್ದ, ಐದು ವರ್ಷ ವಾರಂಟಿಯ ಒಂದು 550 ವ್ಯಾಟ್ ಬ್ರಾಂಜ್ 4,300ಕ್ಕೆ ಸಿಕ್ಕಿತು. ನಮಗೆ ಬೇಕಾದದ್ದು ಅದರ ಅರ್ಧಕ್ಕಿಂತ ಚೂರೇ ಕಮ್ಮಿ. ಬಿಸಿಲಿನ ಊರಲ್ಲಿ ಆ ಅಂತರ ಇರಲೇಬೇಕು.

ಯುಪಿಎಸ್ 1000 ವಿಎ (ವೋಲ್ಟ್-ಆಂಪಿಯರ್), 600 ವ್ಯಾಟಿನದು. ಡಬ್ಬದ ಮೇಲಿನ ವಿಎ ನೋಡಿ ಮೋಸ ಹೋಗುವವರು ಬಹಳ. ಅಂಗಡಿಗಳಲ್ಲಿ ಎಲ್ಲ ಕಡೆ ಕಾಣುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್, ಒಳಗೆ ಒಂದೇ ಚಿಕ್ಕ ಬ್ಯಾಟರಿ. 300 ವ್ಯಾಟ್ ಹೊರಿಸಿದರೆ ಎರಡು-ಮೂರು ನಿಮಿಷ ನಿಂತರೆ ದೊಡ್ಡದು. ಸಾವಿರ ವಿಎಯಲ್ಲಿ ಎರಡು ಬ್ಯಾಟರಿ. ಆಟದಿಂದ ಹೊರಬಂದು ಶಟ್ ಡೌನ್ ಮಾಡಲು ಸಮಯ ಸಿಗುತ್ತದೆ. ಇದನ್ನು ಊರಲ್ಲೇ ಕೊಂಡೆವು. ಭಾರದ ಸಾಮಾನು, ಎರಡು-ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಲು ಅವರ ಹತ್ತಿರವೇ ಹೋಗಬೇಕು.

ಅರ್ಥಿಂಗ್ ನೋಡಿದ್ದು ಎಲ್ಲಕ್ಕಿಂತ ಉಪಯೋಗವಾಯಿತು. ಕೋಣೆಯ ಸಾಕೆಟ್ಟಿಗೆ ಮೂರು ತೂತು ಇತ್ತು, ಮೂರನೆಯದಕ್ಕೆ ವೈರೇ ಇರಲಿಲ್ಲ! ಅಂಥ ಕಡೆ ಕಂಪ್ಯೂಟರ್ ಹಾಕಿದರೆ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುತ್ತದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಕರೆಂಟನ್ನು ಲೋಹದ ಬಾಡಿಯ ಕಡೆ ಬಿಡುವುದೇ ಅರ್ಥ್ ವೈರಿನ ಮೂಲಕ ಹೋಗಲಿ ಎಂದು. ಆ ದಾರಿ ಇಲ್ಲದಿದ್ದರೆ ಲೋಹದ ಕ್ಯಾಬಿನೆಟ್ಟೆಲ್ಲ ಮೇನ್ಸ್‌ನ ಅರ್ಧ ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಕೆಳಗಿನ ಬೋರ್ಡಿನಿಂದ ಅರ್ಥ್ ಎಳೆಸಿದರು. ಆಮೇಲೆ ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ವೋಲ್ಟಿಗಿಂತ ಕಮ್ಮಿ ಇದೆ ಎಂದು ನೋಡಿಕೊಂಡೆವು. ಈ ಖರ್ಚನ್ನು ಅಪ್ಪ 90 ಸಾವಿರದ ಲೆಕ್ಕಕ್ಕೆ ಸೇರಿಸಲಿಲ್ಲ. ಮನೆಯ ಕೆಲಸ ಅಂದರು, ಒಳ್ಳೆಯತನ.

ಉಳಿದವು ಬೇಗ ಮುಗಿದವು. ರ‍್ಯಾಮ್ 32ರಿಂದ 16 ಜಿಬಿಗೆ ಇಳಿಯಿತು, ಆದರೆ ಎಂಟು ಎಂಟರ ಎರಡು ಕಡ್ಡಿ, 3200ರ ವೇಗ. ಒಂದೇ 16ರ ಕಡ್ಡಿ ಹಾಕಿದರೆ ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ಹರಿಯುವ ಡ್ಯುಯಲ್ ಚಾನೆಲ್ ಸಿಗುವುದಿಲ್ಲ, ರೈಜನ್‌ಗೆ ಅದು ಚೆನ್ನಾಗಿಯೇ ತಟ್ಟುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದದ್ದರಿಂದ ಮುಂದೆ ಸೇರಿಸಲು ಜಾಗ ಇತ್ತು. ಎಸ್‌ಎಸ್‌ಡಿ 500ರಿಂದ 1 ಟಿಬಿಗೆ ಏರಿತು. ಜಿಟಿಎ 5, ಸೈಬರ್‌ಪಂಕ್, ವಿಂಡೋಸ್ ಮೂರಕ್ಕೇ 200 ಜಿಬಿ ದಾಟುತ್ತದೆ, 500 ಯಾವ ಮೂಲೆಗೆ? ಲಿಕ್ವಿಡ್ ಕೂಲರ್ ಹೋಯಿತು. 76 ವ್ಯಾಟಿನ ಪ್ರೊಸೆಸರ್‌ಗೆ ಅದು ಬರೀ ಶೋಕಿ, ಜೊತೆಗೆ ಕೆಟ್ಟುಹೋಗಲು ಒಂದು ಪಂಪು ಬೇರೆ. ಆದರೆ 5600ರ ಡಬ್ಬದಲ್ಲೇ ಬರುವ ಪುಟ್ಟ ಕೂಲರ್ ಈ ಬಿಸಿಲಿಗೆ ಸಾಲದು. ಈ ಪ್ರೊಸೆಸರ್‌ಗೆ ಮಿತಿ 90 ಡಿಗ್ರಿ. 1,900 ರೂಪಾಯಿಯ, 120 ಎಂಎಂ ಫ್ಯಾನಿನ ಟವರ್ ಕೂಲರ್ ತಗೊಂಡೆವು.

ಕ್ಯಾಬಿನೆಟ್ಟಿಗೆ ಗಾಜಿನ ಮುಂಭಾಗ ಬೇಡ, ಜಾಲರಿ ಬೇಕು ಎಂದಾಗ ಹುಡುಗನ ಮುಖ ಸಣ್ಣದಾಯಿತು. ಪಕ್ಕದ ಗಾಜು ಇರಲಿ, ದೀಪದ ಫ್ಯಾನ್‌ಗಳೂ ಇರಲಿ ಎಂದು ರಾಜಿ ಆಯಿತು. ಗಾಳಿ ಒಳಗೆ ಬರುವ ಜಾಗಕ್ಕೆ ಗಾಜು ಮುಚ್ಚಿ ಒಳಗೆ ಆರು ಫ್ಯಾನ್ ಹಾಕುವುದು ಯಾವ ಲೆಕ್ಕ? ಜಾಲರಿಯ ಹಿಂದೆ ತೆಗೆದು ತೊಳೆಯಬಹುದಾದ ಧೂಳಿನ ಫಿಲ್ಟರ್ ಇರುವುದನ್ನೇ ಆರಿಸಿದೆವು.

ಸಿಕಂದರಾಬಾದಿನಲ್ಲಿ

ಕರ್ನಾಟಕದಲ್ಲಿ ಕಂಪ್ಯೂಟರ್ ಪಾರ್ಟ್ಸ್ ಎಂದರೆ ಬೆಂಗಳೂರಿನ ಎಸ್‌ಪಿ ರೋಡ್. ಆದರೆ ಕಲಬುರಗಿಯವರಿಗೆ ಹೈದರಾಬಾದೇ ಹತ್ತಿರ. ಬೆಂಗಳೂರಿಗೆ ಹೋಗುವ ದೂರದ ಅರ್ಧವೂ ಇಲ್ಲ. ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ, ಇಡೀ ಕಟ್ಟಡ ಕಂಪ್ಯೂಟರ್ ಅಂಗಡಿಗಳೇ. ಮಾನಿಟರನ್ನು ಆನ್‌ಲೈನ್‌ನಲ್ಲಿ ತರಿಸಿ, ಕ್ಯಾಬಿನೆಟ್ಟಿನೊಳಗಿನದಕ್ಕೆಲ್ಲ ಅಲ್ಲಿಗೆ ಹೋದೆವು.

ಒಂದು ಅಂಗಡಿಯಲ್ಲಿ ಪಟ್ಟಿ ನೋಡಿ 5600 ಇಲ್ಲ, 5600ಜಿ ತಗೊಳ್ಳಿ, ಬೆಲೆ ಅದೇ, ಇದರಲ್ಲಿ ಗ್ರಾಫಿಕ್ಸ್ ಒಳಗೇ ಇದೆ, ಇನ್ನೂ ಮೇಲು ಎಂದರು. ಕೇಳಲು ಲಾಭದ ಮಾತು. ಆದರೆ 5600ಜಿ ಬೇರೆಯದೇ ಚಿಪ್ಪು. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ಇದ್ದರೆ ಇದರಲ್ಲಿ 16. ಕೊಡುವುದು ಪಿಸಿಐಇ 3.0 ಮಾತ್ರ. ಅಂದರೆ ಬಿ550 ಬೋರ್ಡಿಗೆ ಕೊಟ್ಟ ಹೆಚ್ಚಿನ ಹಣ ನೀರುಪಾಲು. ಒಂದು ಮಾತು ಒಪ್ಪಬೇಕು. ಗ್ರಾಫಿಕ್ಸ್ ಕಾರ್ಡು ಕೆಟ್ಟು ರಿಪೇರಿಗೆ ಹೋದರೆ 5600ಜಿ ಇದ್ದವನ ಕಂಪ್ಯೂಟರ್ ಆನ್ ಆಗಿ ಪರದೆ ಬರುತ್ತದೆ, 5600 ಇದ್ದವನದು ಬರುವುದಿಲ್ಲ. ಕಾಲೇಜಿನ ಕೆಲಸವೂ ನಿಲ್ಲುತ್ತದೆ. ಮನೆಯಲ್ಲಿ ಅಪ್ಪನ ಲ್ಯಾಪ್‌ಟಾಪ್ ಇದ್ದದ್ದರಿಂದ ಆ ಭಯ ಬಿಟ್ಟೆವು. "ನಕ್ಕೋ ಭಾಯ್," ಎಂದು ಅಪ್ಪ ದಖ್ಖನಿಯಲ್ಲೇ ಹೇಳಿ ಮುಂದಿನ ಅಂಗಡಿಗೆ ನಡೆದರು. ಅಲ್ಲಿ 5600 ಇತ್ತು.

ಕಚ್ಚಾ ಬಿಲ್ಲಾದರೆ ಇನ್ನೂ ಕಮ್ಮಿ ಮಾಡುತ್ತೇವೆ ಎಂಬ ಮಾತೂ ಬಂತು. 18 ಪಾಲು ಜಿಎಸ್‌ಟಿ ಉಳಿಯುತ್ತದೆ ಎಂದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಕಾರ್ಡಿಗೆ ಮೂರು ವರ್ಷ, ಎಸ್‌ಎಂಪಿಎಸ್‌ಗೆ ಐದು ವರ್ಷ ವಾರಂಟಿ ಇದೆ. ಸರ್ವಿಸ್ ಸೆಂಟರಿನವರು ಮೊದಲು ಕೇಳುವುದು ಬಿಲ್. ಪಕ್ಕಾ ಬಿಲ್ಲೇ ಮಾಡಿಸಿ, ಪ್ರತಿ ಸಾಮಾನಿನ ಸೀರಿಯಲ್ ನಂಬರ್ ಅದರಲ್ಲಿ ಬರೆಸಿಕೊಂಡೆವು.

ಅಲ್ಲೇ ಅಸೆಂಬಲ್ ಮಾಡಿಕೊಡುತ್ತೇವೆ ಎಂದರೂ ಬೇಡ ಎಂದೆವು. ಕಾರ್ಡು ಸ್ಲಾಟಿನಲ್ಲಿ ನೇತಾಡುತ್ತ ರೈಲಿನಲ್ಲಿ ಕುಲುಕಾಡಿಕೊಂಡು ಬಂದರೆ ಸ್ಲಾಟೇ ಕಿತ್ತುಬರಬಹುದು. ಡಬ್ಬಗಳಲ್ಲೇ ತಂದು ಮನೆಯಲ್ಲಿ ಜೋಡಿಸಿದೆವು. ಹೆಚ್ಚಿನ ಸ್ಕ್ರೂಗಳನ್ನು ಹುಡುಗನೇ ತಿರುಗಿಸಿದ.

ಕೊನೆಯ ಲೆಕ್ಕ: ಪ್ರೊಸೆಸರ್ 11,800, ಬೋರ್ಡ್ 9,800, ರ‍್ಯಾಮ್ 3,600, ಎಸ್‌ಎಸ್‌ಡಿ 5,400, ಗ್ರಾಫಿಕ್ಸ್ ಕಾರ್ಡ್ 28,500, ಎಸ್‌ಎಂಪಿಎಸ್ 4,300, ಕ್ಯಾಬಿನೆಟ್ 4,400, ಕೂಲರ್ 1,900, ಮಾನಿಟರ್ 10,500, ಯುಪಿಎಸ್ 5,800, ಕೀಬೋರ್ಡ್-ಮೌಸ್ 1,800. ಒಟ್ಟು 87,800. ವಿಂಡೋಸ್ ಲೈಸೆನ್ಸ್ ಇದರಲ್ಲಿಲ್ಲ, ಆಮೇಲೆ ಬೇರೆಯಾಗಿ ಕೊಂಡರು.

ಓಡಿಸಿದ ಮೇಲೆ

ಆನ್ ಆದ ತಕ್ಷಣ ಎಲ್ಲ ಸರಿ ಎಂದುಕೊಳ್ಳುವ ಹಾಗಿಲ್ಲ. ರ‍್ಯಾಮ್ 2666ರಲ್ಲಿ ಓಡುತ್ತಿತ್ತು. ಬಯಾಸ್‌ನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗ್‌ನಲ್ಲಿ, ರ‍್ಯಾಮನ್ನು ಪೂರ್ತಿ ವೇಗಕ್ಕೆ ತರುವ ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ 3200ಕ್ಕೆ ಬಂತು. 165 ಹರ್ಟ್ಸ್ ಮಾನಿಟರನ್ನು ವಿಂಡೋಸ್ 60ರಲ್ಲೇ ಇಟ್ಟಿತ್ತು, ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಬದಲಿಸಬೇಕಾಯಿತು. ಎಷ್ಟೋ ಮನೆಗಳಲ್ಲಿ ಗೇಮಿಂಗ್ ಮಾನಿಟರ್ ವರ್ಷಗಟ್ಟಲೆ ಹೀಗೇ ಅರವತ್ತರಲ್ಲಿ ಓಡುತ್ತಿರುತ್ತದೆ. ವ್ಯಾಲೊರಂಟ್‌ಗೆ ವಿಂಡೋಸ್ 11ರಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೆಟ್ಟಿಂಗ್ ಎರಡೂ ಆನ್ ಇರಬೇಕು. ಅದನ್ನೂ ಬಯಾಸ್‌ನಲ್ಲೇ ಮಾಡಿದೆವು.

ಕೋಣೆ 38 ಡಿಗ್ರಿ ಇದ್ದ ರಾತ್ರಿ ಸೈಬರ್‌ಪಂಕ್ ಹಾಕಿ ನೋಡಿದೆವು. ಬೆಳಕು-ನೆರಳನ್ನು ನಿಜದ ಹಾಗೆ ತೋರಿಸುವ ರೇ ಟ್ರೇಸಿಂಗ್ ಇಲ್ಲದೆ ಹೈ ಸೆಟ್ಟಿಂಗ್‌ನಲ್ಲಿ 70ರ ಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಬಿಡಿಸುವ ಚಿತ್ರ). ಕಾರ್ಡು 78 ಡಿಗ್ರಿ, ಪ್ರೊಸೆಸರ್ 75ರ ಹತ್ತಿರ. ಕಾರ್ಡು ತಡೆಯುವುದು 90ರವರೆಗೆ. ಪರವಾಗಿಲ್ಲ. ವ್ಯಾಲೊರಂಟ್ 300 ದಾಟುತ್ತಿತ್ತು. ಅದನ್ನು 165ಕ್ಕೆ ಕಟ್ಟಿಹಾಕಿದೆವು. ಹಾಗೆ ಮಾಡಿದಾಗ ಕಾರ್ಡು ಎಳೆಯುವುದು ಅರ್ಧಕ್ಕಿಳಿಯಿತು, ಫ್ಯಾನಿನ ಸದ್ದೂ ಕಮ್ಮಿ. ತೋರಿಸಲಾಗದ ಚಿತ್ರ ಬಿಡಿಸಿ ಕೋಣೆ ಕಾಯಿಸುವುದು ಯಾಕೆ ಸುಮ್ನೆ.

ಏರ್ ಕೂಲರ್‌ನ ಗಾಳಿ ನೇರ ಕ್ಯಾಬಿನೆಟ್ಟಿಗೆ ಬಡಿಯುವ ಹಾಗೆ ಇಡೋಣ ಎಂದು ಅವನ ಅವ್ವ ಹೇಳಿದ್ದರು. ತಂಪು ನಿಜ. ಆದರೆ ಆ ಗಾಳಿಯಲ್ಲಿ ತೇವ ಇರುತ್ತದೆ, ಒಮ್ಮೊಮ್ಮೆ ಸಣ್ಣ ಹನಿಗಳೂ ಇರುತ್ತವೆ. ತೇವದ ಜೊತೆ ಧೂಳು ಸೇರಿದರೆ ಹೀಟ್‌ಸಿಂಕ್ ಮೇಲೆ ಕೆಸರು ಕಟ್ಟುತ್ತದೆ. ಟೇಬಲ್ಲನ್ನು ಎದುರು ಗೋಡೆಗೆ ಸರಿಸಿ, ಕ್ಯಾಬಿನೆಟ್ಟನ್ನು ನೆಲದಿಂದ ಎತ್ತಿ ಇಟ್ಟೆವು. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆಯುವುದು ಹುಡುಗನ ಕೆಲಸ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿಯಬೇಕು, ಇಲ್ಲದಿದ್ದರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಮುಂದಿನ ಬೇಸಿಗೆ, ಅಂದರೆ 2025ರಲ್ಲಿ, ಮನೆಯ ಬಳಕೆ 200 ಯೂನಿಟ್ ಮುಟ್ಟಲಿಲ್ಲ. ಉಚಿತ ಮಿತಿಗಿಂತ ಮೇಲಾದಷ್ಟಕ್ಕೆ ಅಪ್ಪ ಬಿಲ್ ಕಟ್ಟಿದರು. ಎಂಟು ಜಿಬಿ ಮೆಮೊರಿಯ ತಕರಾರು ಹುಡುಗ ಹೇಳಿದ ಹಾಗೇ ಬಂತು. ಒಂದೆರಡು ಹೊಸ ಆಟಗಳಲ್ಲಿ ಟೆಕ್ಸ್‌ಚರ್ ಸೆಟ್ಟಿಂಗನ್ನು ಒಂದು ಮೆಟ್ಟಿಲು ಇಳಿಸಿ ಆಡುತ್ತಾನೆ. "ನಾ ಅಂದಿದ್ದೆ ಅಲಾ ಕಾಕಾ," ಎಂದು ಸಿಕ್ಕಾಗಲೆಲ್ಲ ನೆನಪಿಸುತ್ತಾನೆ. ಅವನು ಹೇಳಿದ್ದು ಸರಿಯೇ ಇತ್ತು.

ಇನ್ನೊಂದು ಜೊತೆ ರ‍್ಯಾಮ್ ಹಾಕಿ 32 ಮಾಡುವುದು ಅವನ ಮುಂದಿನ ಯೋಜನೆಯಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡು ರ‍್ಯಾಮ್ ಬೆಲೆ ಒಂದಕ್ಕೆರಡಾಗಿ ಅದನ್ನೂ ಮೀರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿಯು ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ ಮೇಲಿನ 3,600ರ ಅಂಕಿಯನ್ನು ಹಿಡಿದುಕೊಂಡು ಈಗ ಯಾರೂ ಅಂಗಡಿಗೆ ಹೋಗಬೇಡಿ. ಹುಡುಗ 16ರಲ್ಲೇ ಇದ್ದಾನೆ. ಬ್ರೌಸರ್ ಮುಚ್ಚಿ ಆಟ ಶುರು ಮಾಡುತ್ತಾನೆ.